ಸೋಮವಾರದ ಮೋಡ

ಎರಡೇ ಅಕ್ಷರದ ಪದ, ಮೋಡ. ಅದನ್ನು ಬರೆದ ತಪ್ಪಿಗೆ ಮಂಗಳಗೌರಿಗೆ ಮೂರು ವಾರದಿಂದ ಊಟ ಸೇರುತ್ತಿರಲಿಲ್ಲ.

ಹಂಗಳದ ಹೊರಗೆ ದಿಬ್ಬದ ಮೇಲಿದ್ದ ಹಳೆಯ ಬಂಗಲೆಯಲ್ಲಿ ವೀಕ್ಷಣೆಯ ದಫ್ತರ ಬರೆಯುವುದು ಅವಳ ಕೆಲಸ. ಐವತ್ತೊಂಬತ್ತನೆಯ ಇಸವಿ ಫೆಬ್ರವರಿಯ ಒಂಬತ್ತು, ಹದಿನಾರು, ಇಪ್ಪತ್ತಮೂರು, ಈ ಮೂರೂ ಸಂಜೆ ಆಕಾಶ ಹುಣಸೆಹಣ್ಣು ಹಾಕಿ ಉಜ್ಜಿದ ತಟ್ಟೆಯಂತಿತ್ತು. ಮೂರು ಸಲವೂ ಸಂಶೋಧನಾ ವಿದ್ಯಾರ್ಥಿ ನೀಲಕಂಠಸ್ವಾಮಿ ಬಂದು, "ಇವತ್ತಿನ ಅಂಕಿ ಹಾಕಬೇಡಿ. ಮೋಡ ಅಂತ ಬರೀರಿ, ಪ್ರೊಫೆಸರ ಅಪ್ಪಣೆ" ಎಂದಿದ್ದ. ಅವಳು ಬರೆದಳು. ಪ್ರತಿ ಗುರುವಾರ ಮೈಸೂರಿನಿಂದ ಬಂದು ಭಾನುವಾರ ಮರಳುತ್ತಿದ್ದ ಪ್ರೊಫೆಸರ್ ಮಹದೇವಯ್ಯನವರು ಪುಟದ ಕೆಳಗೆ ಸಹಿ ಹಾಕಿ, ಏನೂ ಹೇಳದೆ ಹಾಳೆ ತಿರುವಿದರು. ಬಿ.ಎಸ್ಸಿ.ಯಲ್ಲಿ ಅವಳಿಗೆ ಪಾಠ ಹೇಳಿದ ಗುರುಗಳು. ಇಂಥವರನ್ನು ಸುಳ್ಳು ಯಾಕೆ ಬರೆಸಿದಿರಿ ಎಂದು ಕೇಳುವುದು ಹೇಗೆ? ಡೈರಿಯಲ್ಲಿ ಮಾತ್ರ, "ಸುಳ್ಳು ಬರೆದೆ. ಯಾಕೆಂದು ಕೇಳುವ ಧೈರ್ಯ ನನಗಿಲ್ಲ" ಎಂದು ಬರೆದು, ಆ ಡೈರಿಯನ್ನು ಸೀರೆಗಳ ಮಡಿಕೆಯೊಳಗೆ ತಳ್ಳಿದಳು.

ಬಂಗಲೆಯಲ್ಲಿ ನಡೆಯುತ್ತಿದ್ದ ಕೆಲಸ ಕೇಳಿದರೆ ಊರವರು ನಗುತ್ತಿದ್ದರು. ಶುಕ್ರಗ್ರಹದ ಗಾಳಿಯಲ್ಲಿ ನೀರಿನ ಹಬೆ ಎಷ್ಟಿದೆಯೆಂದು ಇಲ್ಲಿ ಕೂತು ಅಳೆಯುವುದು. ದೂರದರ್ಶಕದ ಕನ್ನಡಿಗೆ ಬಿದ್ದ ಬೆಳಕಿನಲ್ಲಿ ಕಣ್ಣಿಗೆ ಕಾಣದ, ಕೆಂಪಿನಾಚೆಯ ಭಾಗವನ್ನು ಒಂದು ಸಣ್ಣ ಕೋಶ ಹಿಡಿಯುತ್ತಿತ್ತು. ಅದರ ಪ್ರಕಾರ ಒಂದು ಮುಳ್ಳು ಉದ್ದನೆಯ ಕಾಗದದ ಸುರುಳಿಯ ಮೇಲೆ ಗೆರೆ ಎಳೆಯುತ್ತಿತ್ತು. ನೀರಿನ ಹಬೆ ಆ ಬೆಳಕನ್ನು ಕುಡಿದ ಕಡೆ ಗೆರೆ ಗುಳಿ ಬೀಳುತ್ತಿತ್ತು. ನಮ್ಮ ಗಾಳಿಯಲ್ಲೂ ಹಬೆ ಇರುವುದರಿಂದ, ಸಂಜೆ ಐದಕ್ಕೆ ಸೂರ್ಯ ಪಡುವಣದಲ್ಲಿ ಒಂದು ಎತ್ತರಕ್ಕೆ ಇಳಿದಾಗ ಮೊದಲ ಗೆರೆ. ಏಳಕ್ಕೆ ಕಾಲು ಗಂಟೆ ಇರುವಾಗ ಶುಕ್ರ ಅದೇ ಎತ್ತರಕ್ಕೆ ಬಂದಾಗ ಎರಡನೆಯದು. ಸೂರ್ಯನ ಗುಳಿ ನಮ್ಮ ಗಾಳಿಯ ಪಾಲು. ಶುಕ್ರನ ಗುಳಿ ಅದಕ್ಕಿಂತ ಎಷ್ಟು ಆಳವೋ ಅಷ್ಟು ಶುಕ್ರನ ಪಾಲು. ಕಾಗದದ ಚೌಕಗಳ ಲೆಕ್ಕದಲ್ಲಿ ದಿನವೂ ಐದು ಮನೆ ಆಳ ಹೆಚ್ಚು ಬರುತ್ತಿತ್ತು. ಸೋಮವಾರ ಮಾತ್ರ ಎರಡು ಗುಳಿಯೂ ಸಮ. ಆ ಸೋಮವಾರಗಳ ಮೇಲೆಯೇ ಅವಳು ಮೋಡ ಹೊದಿಸಿದ್ದು.

ಕಾಗದ ತೇವ ಹಿಡಿದು ಹಿಗ್ಗಿದರೆ ಅಳತೆ ಕೆಡುತ್ತದೆಂದು ವಾರಕ್ಕೊಂದರಂತೆ ತುಂಬಿದ ಸುರುಳಿಗಳನ್ನು ತಗಡಿನ ಪೆಟ್ಟಿಗೆಯಲ್ಲಿ, ಸಿಲಿಕಾ ಜೆಲ್ ಎಂಬ ಹರಳಿನ ತೆಳು ಚೀಲದ ಜೊತೆ ಇಡುತ್ತಿದ್ದರು. ಕಲ್ಲುಸಕ್ಕರೆಯಂಥ ಹರಳು. ಒಣಗಿದ್ದರೆ ನೀಲಿ, ಗಾಳಿಯ ತೇವ ಕುಡಿದರೆ ಗುಲಾಬಿ. ಗುಲಾಬಿಯಾದಾಗ ಬಾಣಲೆಯಲ್ಲಿ ಹುರಿದು ಮತ್ತೆ ನೀಲಿ ಮಾಡುವುದೂ ಮಂಗಳಗೌರಿಯ ಪಾಲಿನ ಕೆಲಸ. ಪೆಟ್ಟಿಗೆಯ ಕೀಲಿ ಮಾತ್ರ ಪ್ರೊಫೆಸರ್ ಮತ್ತು ನೀಲಕಂಠಸ್ವಾಮಿ, ಈ ಇಬ್ಬರ ಬಳಿಯೇ ಇರುತ್ತಿತ್ತು.

ಫೆಬ್ರವರಿ ಇಪ್ಪತ್ತೆಂಟು, ಶನಿವಾರ. ಬೆಳಿಗ್ಗೆ ಆರೂವರೆಗೆ ನೀಲಕಂಠಸ್ವಾಮಿ ಕೂಗಿದ್ದು ಕೇಳಿ ಅವಳು ಹಿತ್ತಲ ಕೋಣೆಯಿಂದ ಓಡಿ ಬಂದಳು. ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಇಳಿದ ಮಂಜು ಕಿಟಕಿಯ ಸರಳುಗಳಿಂದ ತೊಟ್ಟಿಕ್ಕುತ್ತಿತ್ತು. ಪೆಟ್ಟಿಗೆಯ ಬೀಗ ಮುರಿದು ನೆಲದ ಮೇಲೆ ಬಿದ್ದಿತ್ತು, ಮುಚ್ಚಳ ಹಾರುಹೊಡೆದಿತ್ತು. ಮೂರು ಸುರುಳಿಯೂ ಇಲ್ಲ. ಪಕ್ಕದ ಮೇಜಿನ ಮೇಲೆ ದಫ್ತರ ಇಟ್ಟಲ್ಲೇ ಇತ್ತು. ಪೆಟ್ಟಿಗೆಯ ತಳದಲ್ಲಿ ಹರಳಿನ ಚೀಲ ನವಿಲಿನ ಕತ್ತಿನಂತೆ ನೀಲಿಯಾಗಿ ಮಲಗಿತ್ತು. ಸದ್ಯ, ಇವತ್ತು ಹುರಿಯುವ ಕೆಲಸವಿಲ್ಲ ಎಂದು ಅವಳಿಗೆ ಅನ್ನಿಸಿತು. ಇಂಥ ಹೊತ್ತಿನಲ್ಲಿ ಇದೆಂಥ ಯೋಚನೆಯೆಂದು ತನ್ನಷ್ಟಕ್ಕೆ ನಾಚಿಕೊಂಡಳು.

ಅಷ್ಟರಲ್ಲಿ ಪ್ರೊಫೆಸರೂ ಕಾವಲುಗಾರ ನಾಗಯ್ಯನೂ ಒಟ್ಟಿಗೆ ಮೆಟ್ಟಿಲು ಹತ್ತಿದರು. ಐದೂವರೆಗೆ ನಾಗಯ್ಯ ಹಾಲಿಗೆ ಹೊರಟಾಗ ಪ್ರೊಫೆಸರ್ ಗಾಳಿ ಸೇವನೆಗೆಂದು ಜೊತೆಯಲ್ಲೇ ಹೋಗಿದ್ದರು. ರಾತ್ರಿಯೆಲ್ಲ ಜಗಲಿಯಲ್ಲಿ ಮಲಗಿದ್ದವನು ನಾಗಯ್ಯ ಒಬ್ಬನೇ. ಇನ್ನಾರು ಕದಿಯುತ್ತಾರೆ ಎಂದ ನೀಲಕಂಠಸ್ವಾಮಿ.

"ನಾನ್ಯಾಕ್ ತಗಳನ ಬುದ್ಧಿ? ಆ ಗೀಟಿನ್ ಕಾಗ್ದ ಬೇಯ್ಸಕ್ಕಾದ್ದಾ, ಉಣ್ಣಕ್ಕಾದ್ದಾ?" ಎಂದ ನಾಗಯ್ಯ. ಕೈಯಲ್ಲಿದ್ದ ಹಾಲಿನ ಚೊಂಬನ್ನು ನೆಲಕ್ಕಿಟ್ಟ.

ಬೆಂಗಳೂರಿನ ಹಿರಿಯ ವಿಜ್ಞಾನಿಯೊಬ್ಬರು ಸೋಮವಾರ ಬಂದು ಸುರುಳಿಗಳನ್ನು ತಾವೇ ಅಳೆಯುವುದಾಗಿ ಬರೆದ ಕಾಗದ ಶುಕ್ರವಾರವಷ್ಟೇ ಬಂದಿತ್ತು. ಅವರು ಬರುವ ತನಕ ಕಾಯೋಣ, ಅಷ್ಟರೊಳಗೆ ಸುರುಳಿ ಸಿಗದಿದ್ದರೆ ನಾಗಯ್ಯನನ್ನು ಗುಂಡ್ಲುಪೇಟೆಯ ಪೊಲೀಸರಿಗೆ ಒಪ್ಪಿಸುವುದೇ ಸರಿ ಎಂದು ತೀರ್ಮಾನವಾಯಿತು. ಪ್ರೊಫೆಸರ್ ತಲೆ ಬಗ್ಗಿಸಿ ಕೂತುಬಿಟ್ಟರು. ಮಂಗಳಗೌರಿ ಆ ಬಗ್ಗಿದ ತಲೆಯನ್ನೇ ನೋಡಿದಳು. ಸುರುಳಿ ಹೋದರೆ ಸೋಮವಾರದ ಸುಳ್ಳು ಯಾರಿಗೂ ಗೊತ್ತಾಗುವುದಿಲ್ಲ. ಆ ಸುಳ್ಳು ಯಾರದು?

ಪ್ರತಿ ಸಂಜೆ ಹಂದಿ ಕಾಟವೆಂದು ದೊಣ್ಣೆ ಹಿಡಿದು ಅವಳ ಮುಂದೆ ಮುಂದೆ ನಡೆದು ಹಿತ್ತಲ ಕೋಣೆ ಮುಟ್ಟಿಸುತ್ತಿದ್ದವನು ನಾಗಯ್ಯ. ರಾತ್ರಿ ಅವಳಿಗೆ ಜೊತೆಯಾಗಿ ಮಲಗುತ್ತಿದ್ದವಳು ಅವನ ಹೆಂಡತಿ ಮೂಗಮ್ಮ. ಬಾಯಿ ಬಿಟ್ಟು ಏನೂ ಹೇಳಲಾರದ ಮಂಗಳಗೌರಿ ತನಗೆ ಗೊತ್ತಿದ್ದ ಒಂದೇ ದಾರಿ ಹಿಡಿದಳು. ಹಂಗಳಕ್ಕೆ ನಡೆದು, ಮೊದಲ ಬಸ್ಸಿನ ಕಂಡಕ್ಟರ ಕೈಗೆ ಒಂದು ಚೀಟಿ ಕೊಟ್ಟಳು: ಚಾಮರಾಜನಗರ, ಅರಿಸಿನ ಮಂಡಿ, ದೊಡ್ಡಮಲ್ಲಮ್ಮನವರಿಗೆ.

ದೊಡ್ಡಮಲ್ಲಮ್ಮ ಅವಳ ಸೋದರತ್ತೆ. ಗಂಡ ತೀರಿಕೊಂಡ ಮೇಲೆ ಮಂಡಿಯ ಗದ್ದಿಗೆ ಮೇಲೆ ತಾನೇ ಕೂತು, ಅರಿಸಿನದ ಕೊಂಬನ್ನು ಕಿವಿಯ ಹತ್ತಿರ ಹಿಡಿದು ಮುರಿದು, ಟಕ್ಕೆಂದರೆ ಒಣಗಿದೆ, ಮೆತ್ತಗೆಂದರೆ ಒಳಗೆ ನೀರಿದೆ ಎಂದು ಹೇಳುತ್ತಿದ್ದ ಹೆಂಗಸು. ಮನುಷ್ಯರನ್ನೂ ಹಾಗೇ ಮುರಿದು ನೋಡುತ್ತಾಳೆಂದು ಪೇಟೆಯಲ್ಲಿ ಮಾತಿತ್ತು. ಹರವೆಯ ಮದುವೆ ಮನೆಯಲ್ಲಿ ಮಾಯವಾದ ಡಾಬನ್ನು ಹುಡುಕಿಕೊಟ್ಟದ್ದು, ರೇಷ್ಮೆಗೂಡಿನ ಬುಟ್ಟಿ ಅದಲುಬದಲು ಮಾಡಿದವನನ್ನು ಹಿಡಿದದ್ದು, ಎಲ್ಲ ಇವಳೇ. ಪೊಲೀಸಿನವರೂ ಒಮ್ಮೊಮ್ಮೆ ಮಂಡಿಗೆ ಬಂದು ಮಜ್ಜಿಗೆ ಕುಡಿದು ಹೋಗುವುದಿತ್ತು.

ಮೂರು ಗಂಟೆಯ ಬಸ್ಸಿಗೆ ದೊಡ್ಡಮಲ್ಲಮ್ಮ ಇಳಿದಳು. ಹಣೆಯಲ್ಲಿ ವಿಭೂತಿ, ಕಂಕುಳಲ್ಲಿ ಬಟ್ಟೆಯ ಗಂಟು. ಸೊಸೆ ಹೇಳಿದ್ದನ್ನೆಲ್ಲ ನಡೆಯುತ್ತಲೇ ಕೇಳಿಸಿಕೊಂಡಳು. ಮೋಡದ ವಿಷಯ ಮಾತ್ರ ಮಂಗಳಗೌರಿ ಬಿಟ್ಟುಬಿಟ್ಟಳು.

ಬಂಗಲೆಯಲ್ಲಿ ದೊಡ್ಡಮಲ್ಲಮ್ಮ ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದು, ಮೇಜಿನ ಮೇಲಿದ್ದ ದಫ್ತರ ನೋಡಿದಳು.

"ಕಳ್ಳ ಒಳ್ಳೆ ತರಬೇತಾದೋನು ಕಣಮ್ಮಿ. ಗೀಟು ಎಳ್ದಿರೊ ಕಾಗ್ದ ಒತ್ಕೊಂಡೋದ, ಅಕ್ಷರ ಬರ್ದಿರೊ ಪುಸ್ತಕ ಬುಟ್ಟೋದ. ಓದಕ್ ಬರ್ದೇ ಇರೋನ್ಗೆ ಎರಡೂ ಒಂದೇ ಅಲ್ವಾ?"

ಆಮೇಲೆ ಪುಟ ತಿರುವುತ್ತಾ, ಈ ಮೋಡ ಎಂಬ ಪದ ಮೂರೇ ಕಡೆ ಇದೆಯಲ್ಲ, ಯಾವ ವಾರ ಅದು ಎಂದು ಕೇಳಿದಳು. ಸೋಮವಾರ ಎಂದಳು ಮಂಗಳಗೌರಿ. ಅತ್ತೆ ಅವಳ ಮುಖವನ್ನು ಒಂದು ಕ್ಷಣ ನೋಡಿ, ಪುಸ್ತಕ ಮುಚ್ಚಿದಳು. ಹರಳಿನ ಚೀಲ ಬೆಳಿಗ್ಗೆ ಯಾವ ಬಣ್ಣದಲ್ಲಿತ್ತು ಎಂದು ಮಾತ್ರ ಎರಡು ಸಲ ಕೇಳಿ ಖಚಿತ ಮಾಡಿಕೊಂಡಳು.

ಮರುದಿನ ಬೆಳಗಾಗುವ ಮುಂಚೆ ಅತ್ತೆ ಅವಳನ್ನು ಎಬ್ಬಿಸಿದಳು. ಹುರಿದು ನೀಲಿ ಮಾಡಿದ ಚೀಲವನ್ನು ಐದೂವರೆಗೆ ಸರಿಯಾಗಿ ಪೆಟ್ಟಿಗೆಯೊಳಗಿಟ್ಟು, ಮುಚ್ಚಳ ತೆರೆದಿಟ್ಟು, ಇಬ್ಬರೂ ಶಾಲು ಹೊದ್ದು ಕೂತರು. ಹೊರಗೆ ಹಿಂದಿನ ದಿನದಂಥದೇ ಮಂಜು. ಆರು ಗಂಟೆಗೆ ಚೀಲದ ಅಂಚು ಮಾಸಿತು. ಆರೂವರೆಗೆ ಇಡೀ ಚೀಲ ಕಣಗಿಲೆ ಹೂವಿನ ಬಣ್ಣಕ್ಕೆ ತಿರುಗಿತ್ತು.

"ನಿನ್ನೆ ಇಷ್ಟೊತ್ತಿಗೆ?"

"ಪೂರ್ತಿ ನೀಲಿ, ಅತ್ತೆ."

"ಹೂಂ. ಈಗ ಇದುನ್ನ ಬುಡು. ಪುಟ್ಟಮಲ್ಲಪ್ಪನ ಕೊಪ್ಪರಿಗೆ ತಾವಿಕ್ಕೆ ಓಗನ ಬಾ."

ದಿಬ್ಬದ ಪಡುವಣಕ್ಕೆ, ಒಂದು ಕೂಗಳತೆಯ ಕೆಳಗೆ ಪುಟ್ಟಮಲ್ಲಪ್ಪನ ಅರಿಸಿನದ ಹೊಲ. ಹಗಲೆಲ್ಲ ಅಗೆದು ಗಾಡಿಯಲ್ಲಿ ತುಂಬಿ ತಂದ ಹಸಿ ಅರಿಸಿನವನ್ನು ದೀಪ ಹಚ್ಚುವ ಹೊತ್ತಿಗೆ ದೊಡ್ಡ ಕೊಪ್ಪರಿಗೆಗಳಲ್ಲಿ ಬೇಯಿಸುತ್ತಿದ್ದರು. ಈಗ ಒಲೆ ಆರಿತ್ತು. ಬೆಂದ ಕೊಂಬುಗಳು ಬಯಲಲ್ಲಿ ಹರಡಿದ್ದವು. ದೊಡ್ಡಮಲ್ಲಮ್ಮ ಒಂದು ಕೊಂಬು ಮುರಿದಳು, ಸದ್ದಿಲ್ಲ.

"ಇನ್ನೂ ಎಂಟ್ ದಿನ ಒಣಗ್ಬೇಕು ಕಣವ್ವ," ಎಂದ ಪುಟ್ಟಮಲ್ಲಪ್ಪ, ಕೇಳುವ ಮುಂಚೆಯೇ. "ಮಂಡಿಯಮ್ಮ ಹೊಲಕ್ಕೇ ಬಂದ್ಬುಟ್ರೆ ನಮ್ ಗತಿ ಏನು?"

ಹೋದ ತಿಂಗಳು ಒಣಗಲು ಹಾಕಿದ್ದನ್ನು ಮೋಡವೆಂದು ಎಂದಾದರೂ ಬಾಚಿ ಒಳಗಿಟ್ಟದ್ದುಂಟೇ ಎಂದು ಅವಳು ಕೇಳಿದಳು. ಸಂಕ್ರಾಂತಿಯಿಂದೀಚೆಗೆ ಒಂದು ಚೂರು ಮೋಡ ಕಂಡಿಲ್ಲ ಎಂದ ಆತ. ಮಂಗಳಗೌರಿ ಬೇರೆ ಕಡೆ ಮುಖ ತಿರುಗಿಸಿದಳು.

"ನಾಳಿಕ್ಕೆ ಬೇಯ್ಸದ್ ನೋಡಕ್ ಬರ್ಲಾ?"

"ನಾಳೆ ಸೋಮಾರ ಅಲ್ವಾ? ಬಸವಣ್ಣನ್ ಹೆಗ್ಲ ಮ್ಯಾಲೆ ನೊಗ ಇಟ್ಟಾರಾ? ಗಾಡಿ ಇಲ್ದೆ ಅರಿಸ್ನ ಎಲ್ಲಿಂದ ಬಂದಾದು? ಸೋಮಾರ ಕೊಪ್ಪರಿಗೆ ಬೋರಲು ಹಾಕ್ಬುಡ್ತೀವಿ."

ಒಲೆಗೆ ಸೌದೆ ಒಡ್ಡುವ ಕೂಲಿ ಮೂಗಮ್ಮನದು. ಅವಳು ಬೇಲಿಯ ಪಕ್ಕದಲ್ಲಿ ನಿಂತು ಎಲ್ಲ ಕೇಳುತ್ತಿದ್ದಳು. ಹಿಂದಿರುಗುವಾಗ ಹಿಂದೆಯೇ ಬಂದು, ದೊಡ್ಡಮಲ್ಲಮ್ಮನ ಸೆರಗು ಹಿಡಿದು ನಿಲ್ಲಿಸಿದಳು. ಹೇಳಿದರೆ ನನ್ನ ಗಂಡನ ಕುತ್ತಿಗೆಗೇ ಬರುತ್ತದೆಂದು ಹೆದರಿ ನಿನ್ನೆಯಿಂದ ಬಾಯಿ ಕಟ್ಟಿಕೊಂಡಿದ್ದೇನೆ ಎಂದಳು. ಆಮೇಲೆ ಮಡಿಲಿನಿಂದ ಆರು ಕಬ್ಬಿಣದ ಬಿಲ್ಲೆಗಳನ್ನು ತೆಗೆದು ತೋರಿಸಿದಳು. ಶನಿವಾರ ನಾಗಯ್ಯ ಹಾಲಿಗೆ ಹೊರಡುವ ಮುಂಚೆ ಪಾತ್ರೆ ತಿಕ್ಕಲು ಕೊಪ್ಪರಿಗೆ ಒಲೆಯ ಬೂದಿ ಬಾಚುವಾಗ ಸಿಕ್ಕಿದ್ದವು. ಏನೆಂದು ತಿಳಿಯದೆ ತೊಳೆದು ಇಟ್ಟುಕೊಂಡಿದ್ದಳು.

ಮಂಗಳಗೌರಿಗೆ ನೋಡಿದ ಕೂಡಲೇ ತಿಳಿಯಿತು. ಪ್ರತಿ ಸುರುಳಿಯ ಮರದ ಕಡ್ಡಿಗೆ ಎರಡು ತುದಿಯಲ್ಲಿ ಎರಡು ಬಿಲ್ಲೆ.

ಅವಳು ಆ ದಿನ ಡೈರಿಯಲ್ಲಿ ಒಂದೇ ಸಾಲು ಬರೆದಳು: "ಪ್ರೊಫೆಸರ್ ಅಲ್ಲದಿರಲಿ."

ಸೋಮವಾರ ನಾಲ್ಕು ಗಂಟೆಗೆ ಬೆಂಗಳೂರಿನ ಹಿರಿಯರು ಕಾರಿನಲ್ಲಿ ಬಂದರು. ಬಿಳಿ ಪೇಟ, ಕಡಿಮೆ ಮಾತು. ಪ್ರೊಫೆಸರ್ ಮೈಸೂರಿನ ತರಗತಿಗೆ ರಜೆ ಹಾಕಿ ಉಳಿದಿದ್ದರು. ಆ ದಿಬ್ಬದಲ್ಲಿ ಅವರು ಕಂಡ ಮೊದಲ ಸೋಮವಾರ ಅದು. ನಾಗಯ್ಯ ಹೆಗಲ ಮೇಲಿನ ಟವೆಲನ್ನು ಕಂಕುಳಲ್ಲಿ ಮಡಿಚಿಟ್ಟುಕೊಂಡು ಬಾಗಿಲ ಹೊರಗೆ ನಿಂತಿದ್ದ. ಮೂಗಮ್ಮ ಅವನಿಗೆ ಬುತ್ತಿ ಕಟ್ಟಿ ತಂದಿದ್ದಳು, ಸ್ಟೇಷನ್ನಿನಲ್ಲಿ ಊಟ ಕೊಡುತ್ತಾರೋ ಇಲ್ಲವೋ ಎಂದು.

ಸುರುಳಿ ಇಲ್ಲದಿದ್ದರೇನು, ಇವತ್ತಿನ ಗೆರೆಯನ್ನೇ ಎಲ್ಲರೂ ಕೂತು ನೋಡೋಣ ಎಂದು ದೊಡ್ಡಮಲ್ಲಮ್ಮ ಕೇಳಿಕೊಂಡಳು. ಹಿರಿಯರು ಒಪ್ಪಿದರು. ಐದಕ್ಕೆ ಸೂರ್ಯನ ಗೆರೆ: ಹನ್ನೆರಡು ಮನೆ ಆಳ. ಏಳಕ್ಕೆ ಕಾಲು ಗಂಟೆ ಇರುವಾಗ, ಬೆಳ್ಳಿ ಬಟ್ಟಲಿನಂತೆ ಹೊಳೆಯುತ್ತಿದ್ದ ಶುಕ್ರನ ಗೆರೆ. ಗುಳಿ ಹನ್ನೆರಡೇ ಮನೆ. ಒಂದು ಕೂದಲೆಳೆಯಷ್ಟೂ ಹೆಚ್ಚಿಲ್ಲ.

"ಇದೇನಿದು?" ಎಂದರು ಪ್ರೊಫೆಸರ್. ಅವರ ದನಿಯಲ್ಲಿದ್ದ ಬೆರಗು ಕೇಳಿ ಮಂಗಳಗೌರಿ ತಲೆಯೆತ್ತಿದಳು. ಅದು ನಟನೆಯ ಬೆರಗಲ್ಲ.

ಉಪಕರಣ ಒಮ್ಮೊಮ್ಮೆ ಹೀಗೆ ಕೈಕೊಡುತ್ತದೆ ಎಂದ ನೀಲಕಂಠಸ್ವಾಮಿ.

"ಉಪಕರಣ ಸರ್ಯಾಗೈತೆ ಸ್ವಾಮಿ," ಎಂದಳು ದೊಡ್ಡಮಲ್ಲಮ್ಮ. "ನಂಗೆ ಶುಕ್ರ ಗೊತ್ತಿಲ್ಲ, ಅರಿಸ್ನ ಗೊತ್ತು. ಒಂಚೂರು ಹೇಳ್ಲಾ?"

ಹಿರಿಯರು ಕುರ್ಚಿ ಎಳೆದು ಕೂತರು.

ಅವಳು ಗುಲಾಬಿಗೆ ತಿರುಗಿದ ಹರಳಿನ ಚೀಲವನ್ನು ಮೇಜಿನ ಮೇಲಿಟ್ಟಳು. ಭಾನುವಾರ ಬೆಳಿಗ್ಗೆ ಒಂದು ಗಂಟೆ ಹೊತ್ತು ತೆರೆದಿಟ್ಟ ಪೆಟ್ಟಿಗೆಯಲ್ಲಿ ಇದು ಹೀಗಾಯಿತು, ಅರ್ಧ ಗಂಟೆಗೇ ಅಂಚು ಮಾಸಿತ್ತು. ಶನಿವಾರ ಅಂಥದೇ ಮಂಜು. ಆದರೆ ಆರೂವರೆಗೆ ಚೀಲ ಪೂರ್ತಿ ನೀಲಿ. ಅಂದರೆ ರಾತ್ರಿಯೆಲ್ಲ ಪೆಟ್ಟಿಗೆ ಮುಚ್ಚಿಯೇ ಇತ್ತು. ಬೀಗ ಮುರಿದದ್ದು ಆರು ಗಂಟೆಯ ಮೇಲೆ. ಆಗ ನಾಗಯ್ಯನೂ ಪ್ರೊಫೆಸರೂ ಹಂಗಳದ ದಾರಿಯಲ್ಲಿದ್ದರು. ಹೆಂಗಸರು ಹಿತ್ತಲಲ್ಲಿದ್ದರು. ಬಂಗಲೆಯೊಳಗೆ ಇದ್ದವರು ಒಬ್ಬರೇ.

ಆಮೇಲೆ ಆರು ಬಿಲ್ಲೆಗಳನ್ನು ಒಂದೊಂದಾಗಿ ಸಾಲಾಗಿ ಇಟ್ಟಳು. ಇವು ಮೂಗಮ್ಮನಿಗೆ ಬೂದಿಯಲ್ಲಿ ಸಿಕ್ಕವು ಎಂದ ಕೂಡಲೇ ನೀಲಕಂಠಸ್ವಾಮಿ ಎದ್ದುನಿಂತ.

"ನೋಡಿ ಸಾರ್, ಕದ್ದ ಮಾಲು ಅವನ ಹೆಂಡತಿಯ ಕೈಯಲ್ಲೇ ಇದೆ."

"ಕೂತ್ಕಳಿ," ಎಂದಳು ದೊಡ್ಡಮಲ್ಲಮ್ಮ, ಗಿರಾಕಿಗೆ ಹೇಳುವಂತೆ. "ಕದ್ದೋಳು ಬಿಲ್ಲೆನ ಪಾತ್ರೆ ಜೊತ್ಗೆ ತೊಳ್ದು ಮಡಿಕ್ಕಂಡಾಳಾ? ಬೂದಿ ಬಾಚಿದ್ದು ನಾಗಯ್ಯ ಹಾಲ್ಗೆ ಹೊರಡಕ್ ಮುಂಚೆ. ಅಷ್ಟೊತ್ಗೆ ಸುರುಳಿ ಸುಟ್ಟಿತ್ತು. ಬೀಗ ಮುರುದದ್ದು ಆರರ ಮ್ಯಾಲೆ. ಬೀಗ ಮುರಿಯಕ್ ಮುಂಚೆನೇ ಒಳಗಿನ ಮಾಲು ಬೂದಿಯಾಗದು ಹೆಂಗೆ? ಕೀಲಿಕೈ ಇದ್ದೋರ್ಗೆ ಮಾತ್ರ ಆಗ್ತದೆ. ನಾಗಯ್ಯನ ತಾವ ಕೀಲಿ ಇಲ್ಲ."

ಕೀಲಿ ಇದ್ದದ್ದು ಇಬ್ಬರ ಬಳಿ. ಅವರಲ್ಲಿ ಪ್ರೊಫೆಸರ್ ಬೀಗ ಮುರಿದ ಹೊತ್ತಿಗೆ ನಾಗಯ್ಯನ ಹಾಲಿನ ಚೊಂಬಿನ ಜೊತೆ ನಡೆಯುತ್ತಿದ್ದರು. ಶುಕ್ರವಾರ ಕಾಗದ ಬಂತು, ಸಂಜೆ ಕೂಲಿಯವರು ಎದ್ದುಹೋದ ಮೇಲೆ ಸುರುಳಿಗಳು ಒಲೆ ಸೇರಿದವು, ಶನಿವಾರ ಬೆಳಿಗ್ಗೆ ಕಳ್ಳತನದ ವೇಷ.

ಯಾಕೆ ಎಂದು ಕೇಳಿದವರು ಪ್ರೊಫೆಸರ್. ದೊಡ್ಡಮಲ್ಲಮ್ಮ ಕಿಟಕಿಯ ಕಡೆ ಕೈ ತೋರಿಸಿದಳು. ಕೆಳಗಿನ ಹೊಲ ಕತ್ತಲಾಗಿ, ತಣ್ಣಗೆ ಮಲಗಿತ್ತು; ಕೊಪ್ಪರಿಗೆಗಳು ಬೋರಲು. ಮಿಕ್ಕ ದಿನ ಈ ಹೊತ್ತಿಗೆ ಅಲ್ಲಿ ಮಣಗಟ್ಟಲೆ ಅರಿಸಿನ ಬೇಯುತ್ತದೆ. ಹಬೆ ಒಂದಾಳೆತ್ತರ ಕಾಣುತ್ತದೆ, ಆಮೇಲೆ ಕಣ್ಣಿಗೆ ಕಾಣುವುದಿಲ್ಲ. ಕಾಣದಿದ್ದರೆ ಇಲ್ಲವೆಂದಲ್ಲ; ಹೊರಗೆ ಒಣಗಿದ ಕೊಂಬಿನೊಳಗೂ ನೀರಿರುತ್ತದೆ. ಐದು ಗಂಟೆಗೆ ಒಲೆ ಹಚ್ಚಿರುವುದಿಲ್ಲ, ಆದ್ದರಿಂದ ಸೂರ್ಯನ ಗೆರೆಗೆ ಅದರ ಸೋಂಕಿಲ್ಲ. ಶುಕ್ರ ಮಾತ್ರ ಸರಿಯಾಗಿ ಆ ಹಬೆಯ ಹಿಂದೆ ಇಳಿಯುತ್ತದೆ.

"ಶುಕ್ರವಾರದ ಗ್ರಹ ಸೋಮಾರ ಯಾಕ್ ಒಣಗ್ತದೆ ಅಂತ ಈವಪ್ಪ ಯಾರನ್ನಾರ ಕೇಳಿದ್ರೆ ಸಾಕಾಗಿತ್ತು. ಎತ್ತಿಗೆ ನೊಗ ಇಲ್ಲ, ಅದ್ಕೆ ಶುಕ್ರಂಗೆ ನೀರಿಲ್ಲ. ಹೊಲದೋರ್ನ ಕೇಳದು ಅವಮಾನ ಅನ್ನುಸ್ತು. ಸೋಮಾರನೇ ಅಳಿಸ್ಬುಟ್ರು."

ಹಿರಿಯರು ಎದ್ದು ಕಿಟಕಿಯಿಂದ ಆ ಕತ್ತಲೆ ಹೊಲವನ್ನು ನೋಡಿದರು. ಆದರೂ ನೀಲಕಂಠಸ್ವಾಮಿ ಸೋಲಲಿಲ್ಲ. ಚೀಲದ ಬಣ್ಣ ಬೆಳಿಗ್ಗೆ ನೋಡಿದವರು ಅತ್ತೆಯ ಸೊಸೆಯೇ; ಬಿಲ್ಲೆ ಕೊಟ್ಟವಳು ಕಾವಲುಗಾರನ ಹೆಂಡತಿ. ಹಿಂದಿನ ಮೂರು ಸೋಮವಾರ ಪಡುವಣದಂಚಿನಲ್ಲಿ ಮೋಡವಿತ್ತು, ಅಳತೆಯೇ ನಡೆದಿಲ್ಲ. ಅಳಿಸಲು ಏನಿತ್ತು? ದಫ್ತರ ನೋಡಿ ಎಂದ. ಹಿರಿಯರ ಮುಂದೆ ಪುಟ ತೆರೆದಿಟ್ಟ. ದುಂಡು ಅಕ್ಷರ, ಮೂರು ಸಲ. ಕೆಳಗೆ ಪ್ರೊಫೆಸರ ಸಹಿ.

"ನಾನು ಸೋಮವಾರ ಎಂದೂ ಇಲ್ಲಿರಲಿಲ್ಲ," ಎಂದರು ಪ್ರೊಫೆಸರ್ ಮೆಲ್ಲಗೆ. "ಮೋಡ ಅಂತ ಬರೆದಿತ್ತು. ಮಂಗಳಗೌರಿ ಬರೆದದ್ದು ಅಂದಮೇಲೆ ನೋಡುವುದೇನು ಅಂತ ಸಹಿ ಹಾಕಿದೆ."

ಅಂದರೆ ಅವರ ಅಪ್ಪಣೆಯೇ ಇರಲಿಲ್ಲ. ಮೂರು ವಾರ ಅವಳು ಅನುಮಾನಪಟ್ಟದ್ದು ತನ್ನ ಅಕ್ಷರವನ್ನು ನಂಬಿದ ಮನುಷ್ಯನನ್ನು. ಮಂಗಳಗೌರಿ ಎದ್ದು ಹಿತ್ತಲ ಕೋಣೆಗೆ ಓಡಿ, ಸೀರೆಯ ಮಡಿಕೆಯಿಂದ ಡೈರಿ ಎಳೆದುಕೊಂಡು ಬಂದು, ಅತ್ತೆಯ ಕೈಗೆ ಕೊಟ್ಟಳು. ಎಲ್ಲ ಇದರಲ್ಲಿದೆ, ನೀವೇ ಓದಿ ಹೇಳಿ ಎಂದು ಕಣ್ಣಿನಲ್ಲೇ ಬೇಡಿದಳು.

ದೊಡ್ಡಮಲ್ಲಮ್ಮ ಅದನ್ನು ತೆರೆಯಲಿಲ್ಲ. ತಿರುಗಿಸಿ ಸೊಸೆಯ ಕೈಗೇ ಇಟ್ಟಳು.

"ಬರ್ದದ್ದು ಸಾಕು ಕಣಮ್ಮಿ. ಬರ್ದದ್ರಿಂದ್ಲೇ ಇಷ್ಟೆಲ್ಲ ಆಗಿರದು. ಬಾಯಲ್ಲೇಳು."

ಎಲ್ಲರೂ ಅವಳ ಕಡೆ ತಿರುಗಿದರು. ಬಾಗಿಲಾಚೆ ನಾಗಯ್ಯ ಟವೆಲನ್ನು ಬಿಚ್ಚಿ ಮತ್ತೆ ಮಡಿಚುತ್ತಿದ್ದ. ಅವನ ಪಕ್ಕದಲ್ಲಿ ಬುತ್ತಿಯ ಗಂಟು ನೆಲದ ಮೇಲಿತ್ತು. ಅವಳು ಮೊದಲು ಹೇಳಿದ್ದು ಯಾರಿಗೂ ಕೇಳಿಸಲಿಲ್ಲ. ಏನಂದಿರಿ ಎಂದು ಹಿರಿಯರು ಮುಂದಕ್ಕೆ ಬಾಗಿದರು.

"ಮೋಡ ಇರಲಿಲ್ಲ ಸಾರ್," ಎಂದಳು ಮಂಗಳಗೌರಿ, ಬಾಗಿಲಾಚೆಗೂ ಕೇಳುವಷ್ಟು ಗಟ್ಟಿಯಾಗಿ. "ಮೂರು ಸೋಮವಾರವೂ ಇರಲಿಲ್ಲ. ಇದೆ ಅಂತ ಬರೆದವಳು ನಾನು."